ಗಿಣಿಪಾಠ

ಅಕ್ಕ ಎಂದರೆ ಆ ಹೆಂಗಸಿನ ಹಾಗಿರಬೇಕು, ಒಪ್ಪುತ್ತೇನೆ. ಆದರೆ ಅವಳಷ್ಟು ನನ್ನ ತಲೆ ತಿಂದವರು ಈ ವಾರ್ಡಿನಲ್ಲಿ ಇನ್ನೊಬ್ಬರಿಲ್ಲ. ಡ್ರಿಪ್ ನಿಧಾನವಾಯಿತು ಸಿಸ್ಟರ್, ಕಾಲು ತಣ್ಣಗಿದೆ ಸಿಸ್ಟರ್ ಎಂದು ಬೆಳಗಿನಿಂದ ಬೆನ್ನು ಹತ್ತಿದ್ದಳು.

ಅವಳ ತಂಗಿ ಪುಟ್ಟಿಗೆ ಮೆದುಳಿನಲ್ಲಿ ಸೋಂಕು, ಅದರಿಂದ ಫಿಟ್ಸ್. ಬೆಳಿಗ್ಗೆ ಒಮ್ಮೆ ಬಂದಾಗ ಅಕ್ಕ ಬಾಯಿಗೆ ಚಮಚ ತುರುಕಲು ಹೋದಳು. ನಾನು ಗದರಿ ಅವಳ ಕೈ ತಳ್ಳಿ, ಹುಡುಗಿಯನ್ನು ಮಗ್ಗುಲಿಗೆ ಹೊರಳಿಸಿ, ನೊರೆ ತೆಗೆದು, ಆಕ್ಸಿಜನ್ ಹಾಕಿ, ಇಂಜೆಕ್ಷನ್ ಕೊಟ್ಟ ಮೇಲೆ ಸೆಳೆತ ನಿಂತಿತು.

"ಪ್ರಜ್ಞೆ ನೋಡ್ತಾ ಇರಿ. ಮಂಕಾದ್ರೆ ತಕ್ಷಣ ಐಸಿಯುಗೆ ಹಾಕ್ಬೇಕು, ತಡ ಆದ್ರೆ ಉಳಿಯಲ್ಲ" ಎಂದು ಹೇಳಿ ಡಾಕ್ಟರು ಹೋದರು. ಆ ಮಾತು ಅಕ್ಕನ ಕಿವಿಗೂ ಬಿತ್ತು. ಇವರ ಅಮ್ಮ ಹೋದ ವರ್ಷ ಐಸಿಯು ಒಳಗೆ ಹೋದವರು ಜೀವಂತ ಹೊರಗೆ ಬಂದಿರಲಿಲ್ಲ.

ಆಮೇಲೆ ನಾನು ಹೋದಾಗಲೆಲ್ಲ ಕೇಳುತ್ತಿದ್ದುದು ಮೂರೇ ಪ್ರಶ್ನೆ. ಹೆಸರೇನು? ಇದು ಯಾವ ಜಾಗ? ಇವರು ಯಾರು? ಹುಡುಗಿ ಅರೆಗಣ್ಣಿನಲ್ಲಿ "ಪುಟ್ಟಿ", "ಆಸ್ಪತ್ರೆ", "ಅಕ್ಕ" ಎನ್ನುತ್ತಿದ್ದಳು. ಸದ್ಯ, ಒಂದು ಮಂಚದ ಚಿಂತೆ ಕಳೆಯಿತು ಎಂದುಕೊಂಡು ನಾನು ಮುಂದಿನ ಮಂಚಕ್ಕೆ ಓಡುತ್ತಿದ್ದೆ.

ಊಟದ ಹೊತ್ತು ಕಳೆದ ಮೇಲೆ ಹೋದರೆ ಪರದೆಯ ಆಚೆ ಪಿಸುಮಾತು.

"ಪುಟ್ಟಿ, ಆಸ್ಪತ್ರೆ, ಅಕ್ಕ. ಇನ್ನೊಂದ್ಸಲ ಹೇಳೇ. ಸಿಸ್ಟರ್ ಬರೋ ಹೊತ್ತಾಯ್ತು, ನಿನ್ನ ಕಾಲಿಗೆ ಬೀಳ್ತೀನಿ, ಹೇಳೇ."

ಪರದೆ ಸರಿಸಿ, "ಪುಟ್ಟಿ, ನಾಲಿಗೆ ಚಾಚು ನೋಡೋಣ" ಎಂದೆ.

"ಆಸ್ಪತ್ರೆ" ಎಂದಳು.

"ನನ್ನ ಕೈ ಹಿಡ್ಕೊ."

"ಅಕ್ಕ."

ಉಗುರು ಒತ್ತಿದೆ. ಬೆಳಿಗ್ಗೆ ಸರಕ್ಕನೆ ಎಳೆದುಕೊಂಡಿದ್ದ ಕೈ ಈಗ ಮಿಸುಕಿತು, ಅಷ್ಟೆ. ಟಾರ್ಚ್ ಹಿಡಿದರೆ ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ಅಗಲವಾಗಿತ್ತು. ಡಾಕ್ಟರನ್ನು ಕೂಗಿದೆ.

"ಯಾವಾಗಿಂದ ಹೇಳಿಕೊಡ್ತಿದ್ದೀರಿ?" ಎಂದು ಅಕ್ಕನನ್ನು ಕೇಳಿದೆ.

"ಅವಳಾಗೇ ಹೇಳೋದು ನಿಂತಾಗಿಂದ, ಸಿಸ್ಟರ್."

"ಕಾಪಿ ಹೊಡೆಸಿ ಪಾಸು ಮಾಡೋಕೆ ಇದೇನು ಶಾಲೆನಾ? ಬುದ್ಧಿ ಬೇಡ್ವಾ ನಿಮಗೆ?"

"ಅಲ್ಲಿಗೆ ಮಾತ್ರ ಕಳಿಸ್ಬೇಡಿ. ನನಗೆ ಅಂತ ಉಳಿದಿರೋದು ಇವಳೊಬ್ಬಳೇ."

ಬಾಯ್ತುಂಬ ಬೈಯಬೇಕೆಂದಿದ್ದೆ. ಹೊತ್ತಿರಲಿಲ್ಲ. ಐಸಿಯುಗೆ ಹೊರಟ ಟ್ರಾಲಿ ಕಾರಿಡಾರಿನಲ್ಲಿರುವಾಗಲೇ ಮತ್ತೆ ಫಿಟ್ಸ್ ಬಂತು. ಡಾಕ್ಟರು ತಲೆಯ ಬಳಿ ಓಡುತ್ತಿದ್ದರು, ನಾನು ಹುಡುಗಿಯನ್ನು ಮಗ್ಗುಲಿಗೆ ಹಿಡಿದುಕೊಂಡಿದ್ದೆ. ಇನ್ನೊಂದು ಇಂಜೆಕ್ಷನ್ನಿಗೆ ಸೆಳೆತ ನಿಂತಿತು. ಅದರ ಜೊತೆಗೆ ಆ ಮೂರು ಮಾತೂ ನಿಂತವು.

ಐಸಿಯು ಬಾಗಿಲಲ್ಲಿ ಅಕ್ಕ ನನ್ನ ತೋಳು ಹಿಡಿದಳು.

"ಒಳಗೆ ಏನೇನು ಕೇಳ್ತಾರೆ ಅಂತ ಹೇಳಿ ಸಿಸ್ಟರ್. ಒಂದೇ ನಿಮಿಷ. ಕಲಿಸಿಬಿಡ್ತೀನಿ."

"ಒಳಗೆ ಏನೂ ಕೇಳಲ್ಲಮ್ಮ" ಎಂದೆ. ಸುಳ್ಳೇನಲ್ಲ. ಗಂಟಲಿಗೆ ಕೊಳವೆ ಇಳಿಸಿ ಮಲಗಿಸಿದವರನ್ನು ಯಾರು ಏನು ಕೇಳುತ್ತಾರೆ?

"ಅಬ್ಬಾ, ಬದುಕಿದೆ" ಎಂದು ಅವಳು ಕಣ್ಣೊರೆಸಿಕೊಂಡಳು.