ಎಣ್ಣೆ ಬಿಟ್ಟ ಕೋಳಿ

ಮದುವೆಯಾಗಿ ಬಂದ ಹೊಸತರಲ್ಲೇ ಮಾವ ಸೊಸೆಗೆ ‘ಬೀಗ’ ಎಂದು ಹೆಸರಿಟ್ಟಿದ್ದರು. ಅವರ ಕಸುಬು ಬೀಗ ರಿಪೇರಿ. ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ, ಬೀಗದ ಕೈ ಕೊರೆಯುವ ಯಂತ್ರದ ಮುಂದೆ ಕೂತು ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದರು: ಬೀಗರು ಮಗಳನ್ನು ಕೊಡುತ್ತೇವೆ ಅಂದರು, ನೋಡಿದರೆ ಬೀಗವನ್ನೇ ಕಳಿಸಿದ್ದಾರೆ; ಊರವರ ಬೀಗವನ್ನೆಲ್ಲ ತೆರೆದೆ, ನಮ್ಮ ಮನೆಯದು ಮಾತ್ರ ಬಾಯಿ ಬಿಡುತ್ತಿಲ್ಲ. ಸೊಸೆ ಕೇಳಿಸಿಕೊಂಡು ತಲೆ ತಗ್ಗಿಸಿ ನಗುತ್ತಿದ್ದಳು. ಅವಳಿಗೆ ಮಾತು ಇರಲಿಲ್ಲ ಎಂದಲ್ಲ. ಅದು ನಾಲಿಗೆಯ ತುದಿಗೆ ಬರುವ ಹೊತ್ತಿಗೆ ಉಳಿದವರು ಬೇರೆ ವಿಷಯಕ್ಕೆ ಹೋಗಿಬಿಟ್ಟಿರುತ್ತಿದ್ದರು. ಹಾಗಾಗಿ ಅವಳು ನೋಡುತ್ತಿದ್ದಳು.

ಆ ಮನೆಯಲ್ಲಿ ನೋಡಬೇಕಾದದ್ದೆಂದರೆ ಭಾನುವಾರದ ಅಡುಗೆಮನೆ. ಅತ್ತೆ ಹಿಂದಿನ ಸಂಜೆಯೇ ಕೋಳಿಯ ತುಂಡುಗಳನ್ನು ಮೊಸರು, ಬೆಳ್ಳುಳ್ಳಿ, ಮೆಣಸಿನಪುಡಿಯಲ್ಲಿ ನೆನೆಹಾಕುತ್ತಿದ್ದರು. ಬೆಳಿಗ್ಗೆ ಹಿಟ್ಟಿನಲ್ಲಿ ಹೊರಳಿಸಿ, ತಾವು ಮದುವೆಯಾದ ವರ್ಷ ಕೊಂಡ ಕಬ್ಬಿಣದ ಬಾಣಲೆಯಲ್ಲಿ ಕರಿಯುತ್ತಿದ್ದರು. ಆ ಸದ್ದು ಕಿವಿಗೆ ಬಿದ್ದದ್ದೇ ಮಾವ ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಮೇಲೆ ಬರುತ್ತಿದ್ದರು. ಲಿಫ್ಟ್ ಮೆಕ್ಯಾನಿಕ್ ಆಗಿದ್ದ ಮಗ ಒಲೆಯ ಪಕ್ಕದಲ್ಲೇ ನಿಂತು ಬಿಸಿ ತುಂಡಿಗೆ ಕೈಹಾಕಿ ಬೆರಳು ಸುಟ್ಟುಕೊಂಡು, ಅತ್ತೆಯಿಂದ ಬೈಸಿಕೊಂಡು, ಮತ್ತೆ ಕೈಹಾಕುತ್ತಿದ್ದ. ವಾರವಿಡೀ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡದ ಮನೆ ಆ ಹೊತ್ತು ಬಾಣಲೆಯ ಸುತ್ತ ಒಂದಾಗುತ್ತಿತ್ತು.

ಈಗ ಆ ಬಾಣಲೆ ಹಳೇ ಬಟ್ಟೆ ಸುತ್ತಿಕೊಂಡು ಅಟ್ಟ ಸೇರಿತ್ತು.

ಮಾವನಿಗೆ ಹೊಟ್ಟೆ ಭಾರವೆನಿಸಿ ಪರೀಕ್ಷೆ ಮಾಡಿಸಿದಾಗ ಲಿವರಿನಲ್ಲಿ ಕೊಬ್ಬು ಸೇರಿದೆ ಎಂದು ಗೊತ್ತಾಗಿತ್ತು. ಡಾಕ್ಟರು ಅವರನ್ನು ಪಕ್ಕದ ಕೋಣೆಯಲ್ಲಿ ಪಥ್ಯ ಹೇಳುವ ಮೇಡಂ ಹತ್ತಿರ ಕಳಿಸಿದ್ದರು. ಒಬ್ಬರೇ ಹೋಗಿದ್ದ ಮಾವ ಮುಖ ಜೋಲು ಹಾಕಿಕೊಂಡು ಬಂದರು. ಎಣ್ಣೆ ಪೂರ್ತಿ ಬಿಡಬೇಕಂತೆ. ಒಂದು ತೊಟ್ಟೂ ಮುಟ್ಟಬಾರದಂತೆ. ಮನೆಯಲ್ಲಿ ಬಾಟಲಿಯನ್ನೇ ಇಟ್ಟುಕೊಳ್ಳಬಾರದಂತೆ. ಮನೆಯವರೂ ಬಿಟ್ಟರೆ ಇವರಿಗೆ ಬಿಡುವುದು ಸುಲಭವಂತೆ.

ಅತ್ತೆ ಅಂದೇ ಎಣ್ಣೆಯ ಕ್ಯಾನನ್ನು ಪಕ್ಕದ ಮನೆಗೆ ಕೊಟ್ಟುಬಿಟ್ಟರು. ಮರುದಿನದಿಂದ ಎಲ್ಲವೂ ನೀರಿನಲ್ಲಿ ಬೆಂದದ್ದು. ಮೊದಲ ಭಾನುವಾರ ಬೇಯಿಸಿದ ಕೋಳಿಯನ್ನು ನೋಡಿ ಮಗ, ಪಾಪ ಇದಕ್ಕೂ ಜ್ವರ ಬಂದಿತ್ತಾ ಎಂದು ಕೇಳಿದ. ಯಾರೂ ನಗಲಿಲ್ಲ. ಮಾವ ತಲೆ ಎತ್ತದೆ ತಿಂದು ಕೆಳಗೆ ಹೋಗಿ ಯಂತ್ರ ತಿರುಗಿಸತೊಡಗಿದರು. ಭಾನುವಾರ ಆ ಯಂತ್ರದ ಸದ್ದು ಕೇಳಿದ್ದು ಸೊಸೆಗೆ ಅದೇ ಮೊದಲು.

ಅಂದು ಪಾತ್ರೆ ತೊಳೆಯುವಾಗ ಅತ್ತೆ ನೀರಿನ ಕಡೆಗೇ ಮುಖ ಮಾಡಿ ಹೇಳಿದರು: “ಇಷ್ಟು ವರ್ಷ ಪ್ರೀತಿಯಿಂದ ಬಡಿಸ್ತಿದೀನಿ ಅಂದ್ಕೊಂಡಿದ್ದೆ ಕಣೇ. ಕಾಯಿಲೆ ಬಡಿಸ್ತಿದ್ದೆ.”

ಸೊಸೆಗೆ ಹಾಗಲ್ಲ ಅತ್ತೆ ಎನ್ನಬೇಕೆನಿಸಿತು. ಆದರೆ ಹೇಗಲ್ಲ ಎಂದು ಕೇಳಿದರೆ ಏನು ಹೇಳುವುದು? ಅಷ್ಟರಲ್ಲಿ ಅತ್ತೆ ನಲ್ಲಿ ನಿಲ್ಲಿಸಿ ಹೊರಟುಹೋದರು. ಆಮೇಲೆ ಅವರು ರುಚಿ ನೋಡದೆಯೇ ಅಡುಗೆ ಇಳಿಸತೊಡಗಿದರು. ಬಾಯಿಗೆ ಬಾರದೇ ಉಳಿದ ಆ ಉತ್ತರ ಸೊಸೆಯ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು.

ಒಂದೂವರೆ ತಿಂಗಳಿಗೆ ಮತ್ತೆ ತೋರಿಸಲು ಹೋಗಬೇಕಾಯಿತು. ಮಗ ಎಲ್ಲೋ ಕೆಟ್ಟು ನಿಂತ ಲಿಫ್ಟಿನ ರಿಪೇರಿಗೆ ಹೋಗಿದ್ದ. ಅತ್ತೆ, ನನ್ನ ಮುಖ ಆ ಮೇಡಂಗೆ ಹೇಗೆ ತೋರಿಸಲಿ ಎಂದು ಹಿಂದೆ ಸರಿದರು. ಹೀಗಾಗಿ ಸೊಸೆ ಹೊರಟಳು. ದಾರಿಯುದ್ದಕ್ಕೂ ಮಾವ, ಬೀಗ ಜೊತೆಗಿದ್ದರೆ ಕಳ್ಳರ ಭಯವಿಲ್ಲ ಎಂದು ತಮಾಷೆ ಮಾಡಿದರೂ ಅವರ ಅಂಗಿಯ ಕಾಲರು ಸಡಿಲವಾದದ್ದು ಅವಳ ಕಣ್ಣಿಗೆ ಬಿತ್ತು.

ಪಥ್ಯದ ಮೇಡಂ ಚಿಕ್ಕ ವಯಸ್ಸಿನವರು, ನಗುಮುಖ. ತೂಕ ನೋಡಿ, ಇಷ್ಟು ಬೇಗ ಇಷ್ಟು ಇಳಿಯಬಾರದಿತ್ತಲ್ಲ ಎಂದು ಹುಬ್ಬು ಗಂಟಿಕ್ಕಿದರು. ಆಮೇಲೆ ಮೆಲ್ಲಗೆ ಕೇಳಿದರು: “ಎಣ್ಣೆ ಬಿಟ್ಟಿದೀರಾ?”

“ಪೂರ್ತಿ.”

“ಗಟ್ಟಿಗರು ನೀವು. ಕೈ ನಡುಗುತ್ತಾ?”

“ನಡುಗಲ್ಲ. ಒಣಗಿದೆ.”

“ಆಸೆ ಆಗುತ್ತಾ?”

“ಪಕ್ಕದ ಮನೆಯಿಂದ ವಾಸನೆ ಬಂದ್ರೆ ಕಣ್ಣಲ್ಲಿ ನೀರು ಬರುತ್ತೆ ಮೇಡಂ.”

ಮೇಡಂ ಕನಿಕರದಿಂದ ತಲೆಯಾಡಿಸಿ ಸೊಸೆಯ ಕಡೆ ತಿರುಗಿ, ನೀನೂ ಬಿಟ್ಟೆ ತಾನೇ ಎನ್ನುತ್ತ ಹೆಬ್ಬೆರಳನ್ನು ಬಾಯಿಯತ್ತ ತಿರುಗಿಸಿ ಕತ್ತನ್ನು ಚೂರು ಹಿಂದಕ್ಕೆ ವಾಲಿಸಿದರು.

ಸೊಸೆ ಆ ಹೆಬ್ಬೆರಳನ್ನೇ ನೋಡಿದಳು. ಕರಿಯುವ ಎಣ್ಣೆಯನ್ನು ಯಾರೂ ಹಾಗೆ ಕುಡಿಯುವುದಿಲ್ಲ. ಹಾಗೆ ಕುಡಿಯುವುದು ಬೇರೆ ಎಣ್ಣೆ. ಬೀದಿ ತುದಿಯ ಬಾರಿನ ಮುಂದೆ ಗಂಡಸರು ನಗುತ್ತ ‘ಎಣ್ಣೆ’ ಅನ್ನುತ್ತಾರಲ್ಲ, ಅದು. ಮೇಡಂ ಆಗಲೇ ಪೆನ್ನು ಎತ್ತಿಕೊಂಡಿದ್ದರು. ಇನ್ನೊಂದು ಕ್ಷಣ ತಡಮಾಡಿದರೆ ಈ ಮಾತೂ ಹೋಗುತ್ತಿತ್ತು, ಬಾಣಲೆ ಅಟ್ಟದಲ್ಲೇ ಉಳಿಯುತ್ತಿತ್ತು.

“ಮೇಡಂ,” ಎಂದಳು. ದನಿ ಅವಳಿಗೇ ದೊಡ್ಡದೆನಿಸಿತು. “ನಮ್ಮ ಮಾವ ಕುಡಿಯೋದೇ ಇಲ್ಲ. ಅವರು ಬಿಟ್ಟಿರೋದು ಅಡುಗೆ ಎಣ್ಣೆ.”

ಮೇಡಂ ಒಮ್ಮೆ ಮಾವನನ್ನು, ಒಮ್ಮೆ ಸೊಸೆಯನ್ನು ನೋಡಿದರು. ಕುಡಿಯುತ್ತೀರಾ ಎಂದು ನೇರ ಕೇಳಿದರೆ ಎಲ್ಲರೂ ಇಲ್ಲವೆನ್ನುತ್ತಾರೆ, ಅದಕ್ಕೇ ಸಲುಗೆಯಿಂದ ‘ಎಣ್ಣೆ ಹಾಕ್ತೀರಾ’ ಎಂದು ಕೇಳುವುದು ತಮ್ಮ ರೂಢಿ ಎಂದು ಒಪ್ಪಿಕೊಂಡರು. ಹೋದ ಸಲ ಇವರು, ದಿನಾ ಹಾಕ್ತೀವಿ, ಭಾನುವಾರ ಜಾಸ್ತಿ, ಹೆಂಡತಿಯೇ ಹಾಕೋದು, ಮಗ ಸೊಸೆ ಎಲ್ಲ ಸುತ್ತ ನಿಂತ್ಕೊಳ್ತಾರೆ ಎಂದಿದ್ದರಂತೆ. ಎಂಥ ಸಂಸಾರವಪ್ಪಾ ಎಂದು ಅವರಿಗೆ ಆ ರಾತ್ರಿ ನಿದ್ದೆಯೇ ಬಂದಿರಲಿಲ್ಲವಂತೆ. ಹೇಳುತ್ತ ಹೇಳುತ್ತ ಅವರು ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ಮಾವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಅವರನ್ನು ಹಿಡಿಯುವವರಿರಲಿಲ್ಲ.

ಕಣ್ಣು ಒರೆಸಿಕೊಂಡು ಮೇಡಂ ನಿಜವಾದ ಪಥ್ಯ ಹೇಳಿದರು. ಮೈಗೆ ಒಂದಿಷ್ಟು ಎಣ್ಣೆ ಬೇಕೇ ಬೇಕು. ಕೋಳಿಮಾಂಸದಲ್ಲಿ ಒಳ್ಳೆಯ ಪ್ರೋಟೀನು ಇದೆ. ಕೊಬ್ಬು ಹೆಚ್ಚಿರುವುದು ಚರ್ಮದಲ್ಲಿ, ಅದನ್ನು ತೆಗೆಯಿರಿ. ಕರಿದದ್ದು ಪ್ರತಿ ಭಾನುವಾರ ಬೇಡ, ತಿಂಗಳಿಗೊಮ್ಮೆ ಸಾಕು, ಅದೂ ಎರಡೇ ತುಂಡು, ತಟ್ಟೆಯ ಅರ್ಧ ತರಕಾರಿ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ಎಣ್ಣೆ ಸರಿಯಾಗಿ ಕಾದ ಮೇಲೆ ತುಂಡುಗಳನ್ನು ಸ್ವಲ್ಪ ಸ್ವಲ್ಪವೇ ಬಿಡಿ. ಕಾಯದ ಎಣ್ಣೆಯನ್ನೇ ಕೋಳಿ ಹೆಚ್ಚು ಕುಡಿಯುವುದು.

“ಕೋಳಿ ಕುಡಿಯುತ್ತೆ, ಹೆಸರು ನನಗೆ,” ಎಂದರು ಮಾವ.

ಮನೆಯಲ್ಲಿ ಅತ್ತೆ ನಂಬಲಿಲ್ಲ. ಮಾವ ಹೇಳುವುದೆಲ್ಲ ನಾಲಿಗೆಯ ಚಪಲ ಎಂದು ಒಂದೇ ಮಾತಿಗೆ ತಳ್ಳಿಹಾಕಿದರು. ಆಗ ಸೊಸೆ ಎದ್ದು ನಿಂತಳು. ಮೇಡಂನ ಹಾಗೆ ಹುಬ್ಬು ಗಂಟಿಕ್ಕಿದಳು, ಮಾವನ ಹಾಗೆ ‘ನಡುಗಲ್ಲ, ಒಣಗಿದೆ’ ಎಂದಳು, ಹೆಬ್ಬೆರಳು ಬಾಯಿಗೆ ತಿರುಗಿಸಿದಳು. ಸುತ್ತ ನಿಂತು ಕುಡಿಯುವ ಸಂಸಾರದಲ್ಲಿ ತಾನೂ ಒಬ್ಬಳು ಎಂಬುದನ್ನೂ ಬಿಡಲಿಲ್ಲ. ಅತ್ತೆಯ ತುಟಿ ಮೊದಲು ಅದುರಿತು, ಆಮೇಲೆ ಹೆಗಲು, ಆಮೇಲೆ ಅವರು ಬಾಗಿಲ ಚೌಕಟ್ಟು ಹಿಡಿದು ನಗುತ್ತ ಅಲ್ಲೇ ಕುಸಿದು ಕೂತರು. ನಗುವಿನಲ್ಲಿ ಚೂರು ಅಳುವೂ ಇತ್ತು.

“ನೀವು ಬಡಿಸಿದ್ದು ಕಾಯಿಲೆ ಅಲ್ಲ ಅತ್ತೆ,” ಎಂದಳು ಸೊಸೆ. “ಒಂಚೂರು ಜಾಸ್ತಿ ಬಡಿಸಿದ್ರಿ, ಅಷ್ಟೇ.”

ಭಾನುವಾರ ಮಗ ಅಟ್ಟ ಹತ್ತಿ ಬಾಣಲೆ ಇಳಿಸಿದ. ಸೊಸೆ ಮುನ್ನಾದಿನವೇ ಚರ್ಮ ಸುಲಿದು ನೆನೆಹಾಕಿದ್ದಳು. ಅತ್ತೆ ಎಣ್ಣೆಗೆ ಚಿಟಿಕೆ ಹಿಟ್ಟು ಉದುರಿಸಿ, ಅದು ಸುಯ್ಯೆಂದು ಮೇಲೆದ್ದ ಮೇಲೆಯೇ ತುಂಡುಗಳನ್ನು ಬಿಟ್ಟರು, ಒಂದಕ್ಕೊಂದು ಮೈ ತಾಗದ ಹಾಗೆ. ಹೊಂಬಣ್ಣಕ್ಕೆ ತಿರುಗಿದವನ್ನು ತಂತಿಯ ಜಾಲರಿಯ ಮೇಲೆ ಸಾಲಾಗಿ ಇಟ್ಟರು. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದು, ಉಪ್ಪು ಸರಿಯಾಗಿದೆ ಎಂದರು. ಅವರು ರುಚಿ ನೋಡಿದ್ದನ್ನು ಸೊಸೆ ನೋಡಿದಳು. ಗಂಟಲಿನ ಮುಳ್ಳು ಇಳಿದುಹೋಗಿತ್ತು.

ಕೆಳಗೆ ಅಂಗಡಿಯ ಬಾಗಿಲು ಅರ್ಧ ಎಳೆದ ಸದ್ದಾಯಿತು. ಮೇಲೆ ಬಂದ ಮಾವ ತಮ್ಮ ಎರಡು ತುಂಡನ್ನೂ ಸೌತೆಕಾಯಿ, ಕೋಸಿನ ರಾಶಿಯನ್ನೂ ನೋಡಿ, ಇಷ್ಟೇನಾ ಎಂದು ಮುಖ ಸಣ್ಣದು ಮಾಡಿದರು.

ಅತ್ತೆ ಜಾಲರಿಯ ಕೆಳಗಿನ ತಟ್ಟೆಯನ್ನು ಎತ್ತಿ ತೋರಿಸಿದರು. ಅದರಲ್ಲಿ ತೊಟ್ಟಿಕ್ಕಿದ ಎಣ್ಣೆ ಮಿನುಗುತ್ತಿತ್ತು.

“ನೋಡ್ರೀ,” ಎಂದರು, “ನಿಮ್ಮ ಸಂಗಡ ಕೋಳಿನೂ ಎಣ್ಣೆ ಬಿಟ್ಟಿದೆ. ಸುಮ್ನೆ ತಿನ್ನಿ.”