ಬೆನ್ನಿನ ಹುಣ್ಣಿಗೆ ಕನ್ನಡಿ

ಶಿಕ್ಷಕರ ತರಬೇತಿ ಕಾಲೇಜಿನ ದೊಡ್ಡ ಮೇಷ್ಟ್ರಿಗೆ ಆವತ್ತು ತಲೆ ಕೆಟ್ಟುಹೋಗಿತ್ತು. ಅವರ ಹತ್ತಿರ ಕಲಿಯುತ್ತಿದ್ದ ಹುಡುಗಿ ಶಾಲೆಯ ಮಕ್ಕಳಿಗೆ ಮಾಡುವ ಅಭ್ಯಾಸ ಪಾಠದಲ್ಲಿ ಮತ್ತೆ ಎಡವಿದ್ದಳು. ಪರೀಕ್ಷೆಯ ಪಾಠವೂ ಹೀಗೇ ಆದರೆ ಫೇಲಾಗುವುದು ಖಂಡಿತ.

"ಪ್ರಶ್ನೆ ಕೇಳಿ ಸ್ವಲ್ಪ ಕಾಯಮ್ಮ ಅಂತ ಬಾಯಿ ನೋಯೋಷ್ಟು ಹೇಳಿದ್ದೀನಿ."

"ಕಾಯ್ತಾನೇ ಇದ್ದೀನಲ್ಲ ಸರ್!" ಹುಡುಗಿಯ ಕಣ್ಣು ತುಂಬಿತ್ತು. "ಈ ಕೆಲಸ ನನ್ನ ಕೈಲಾಗಲ್ಲ. ಬಿಟ್ಟುಬಿಡ್ತೀನಿ."

ಪಕ್ಕದ ಮೇಜಿನ ಚಿಕ್ಕ ಮೇಡಂ ತಲೆ ಎತ್ತಿದರು. ಅವರೂ ಅಲ್ಲೇ ಕಲಿಸುವವರು, ಮೇಷ್ಟ್ರ ಹಳೆಯ ಶಿಷ್ಯೆ, ಸಲುಗೆ ಜಾಸ್ತಿ. "ಸರ್, ಇನ್ನೊಂದು ಪಾಠ ಮಾಡ್ಲಿ. ಮೊಬೈಲಲ್ಲಿ ವಿಡಿಯೋ ತೆಗೆಯೋಣ."

"ತಪ್ಪು ಕಣ್ಣಿಗೆ ರಾಚ್ತಿದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇನಮ್ಮ?"

"ಇದು ಬೆನ್ನಿನ ಹುಣ್ಣು ಸರ್. ನಿಮಗೆ ಕಾಣುತ್ತೆ, ಅವಳಿಗೆ ಕಾಣಲ್ಲ."

ಮೇಷ್ಟ್ರು ಗೊಣಗುತ್ತಲೇ ಒಪ್ಪಿದರು. ಮಕ್ಕಳ ಮನೆಯವರನ್ನೂ ಕೇಳಿ ಒಪ್ಪಿಸಿದ್ದಾಯಿತು. ತರಗತಿಯ ಕಿಟಕಿಯಲ್ಲಿ ಡಸ್ಟರಿಗೆ ಒರಗಿಸಿಟ್ಟ ಮೊಬೈಲು ಪಾಠವನ್ನೆಲ್ಲ ಹಿಡಿದಿಟ್ಟಿತು.

ಆಮೇಲೆ ಮೂವರೂ ಕೂತು ನೋಡಿದರು. ಮೇಷ್ಟ್ರು ಏನೋ ಹೇಳಹೊರಟರು. ಚಿಕ್ಕ ಮೇಡಂ ತಡೆದರು. "ಮೊದಲು ಅವಳು ಹೇಳ್ಲಿ ಸರ್."

ವಿಡಿಯೋದಲ್ಲಿ ಹುಡುಗಿ, "ಬೀಜ ಮೊಳೆಯೋಕೆ ಏನು ಬೇಕು?" ಎಂದಳು. ಅದೇ ಉಸಿರಿಗೆ, "ನೀರು ಬೇಕು, ಅಲ್ವಾ?" ಎಂದುಬಿಟ್ಟಳು. ಮೂಲೆಯಲ್ಲಿದ್ದ ಎರಡು ಜಡೆಯ ಮಗುವಿನ ಕೈ ಅರ್ಧ ಎದ್ದು ಇಳಿಯಿತು. ಮುಂದಿನ ಪ್ರಶ್ನೆಗೂ ಅದೇ ಕಥೆ.

"ಅಯ್ಯೋ, ನಿಲ್ಲಿಸಿ!" ಎಂದಳು ಹುಡುಗಿ. "ಕೇಳೋದೂ ನಾನೇ, ಹೇಳೋದೂ ನಾನೇ! ಪಾಪ, ಆ ಮಗು ಕೈ ಎತ್ತಿದ್ದು ನನಗೆ ಗೊತ್ತೇ ಆಗ್ಲಿಲ್ಲ."

ತಿಂಗಳುಗಟ್ಟಲೆ ಮೇಷ್ಟ್ರು ಗಂಟಲು ಹರಿದುಕೊಂಡು ಹೇಳಿದ್ದು ಈಗ ಅವಳ ಬಾಯಿಂದಲೇ ಬಂದಿತ್ತು.

ಪರೀಕ್ಷೆಯ ದಿನ ಬಂತು. "ನೆರಳು ಬೆಳಗ್ಗೆ ಉದ್ದ, ಮಧ್ಯಾಹ್ನ ಗಿಡ್ಡ. ಯಾಕೆ?" ಎಂದು ಕೇಳಿ ಹುಡುಗಿ ತುಟಿ ಕಚ್ಚಿ ನಿಂತಳು. ತರಗತಿ ಗಪ್‌ಚಿಪ್. ಹಿಂದಿನ ಬೆಂಚಿನಲ್ಲಿ ಕೂತಿದ್ದ ಮೇಷ್ಟ್ರು ಮುಂದಕ್ಕೆ ಬಾಗಿದರು. ಕೊನೆಗೆ ಎರಡು ಜಡೆಯ ಮಗುವಿನ ಕೈ ಎದ್ದಿತು. ಈ ಸಲ ಇಳಿಯಲಿಲ್ಲ.

"ಮಧ್ಯಾಹ್ನ ಸೂರ್ಯ ತಲೆ ಮೇಲೆ ಬರ್ತಾನಲ್ಲ ಟೀಚರ್, ಅದಕ್ಕೆ!"

ಅದನ್ನು ಕೇಳಿದ್ದೇ ತಡ, ಮಿಕ್ಕವರೂ ನಾ ಮುಂದು ತಾ ಮುಂದು ಎಂದು ಕೈ ಎತ್ತಿದರು. ಹುಡುಗಿ ಗೆದ್ದಿದ್ದಳು! ಪರೀಕ್ಷೆಯೆಂಬುದನ್ನೂ ಮರೆತು ಮೇಷ್ಟ್ರು ಚಪ್ಪಾಳೆ ತಟ್ಟಿಬಿಟ್ಟರು.

ಹೊರಗೆ ಬಂದವರೇ ಚಿಕ್ಕ ಮೇಡಂಗೆ ಹೇಳಿದರು: "ನಾಳೆ ನನ್ನ ಕ್ಲಾಸಿಗೂ ಮೊಬೈಲ್ ತಗೊಂಡು ಬಾಮ್ಮ. ನನ್ನ ಬೆನ್ನಲ್ಲೇನಿದೆಯೋ ನೋಡೋಣ."

ಶಿಕ್ಷಕರನ್ನು ತಯಾರು ಮಾಡುವ ಗುರುಗಳೇ, ಆ ಕನ್ನಡಿ ನಿಮ್ಮ ಜೇಬಿನಲ್ಲೂ ಇದೆ. ಮಕ್ಕಳ ಮನೆಯವರ ಒಪ್ಪಿಗೆ ಪಡೆದು ಪಾಠದ ವಿಡಿಯೋ ಮಾಡಿ. ಅದು ನಿಮ್ಮ ಕೋಣೆ ದಾಟದಿರಲಿ. ಮೊದಲು ಕಲಿಯುವವರೇ ನೋಡಿ ಮಾತಾಡಲಿ, ನಿಮ್ಮ ಮಾತು ಆಮೇಲೆ. ಯಾವುದೋ ಮೂಲೆಯಲ್ಲಿ ಅರ್ಧ ಎದ್ದ ಕೈಯೊಂದು ಕಾಯುತ್ತಿದೆ.