ಚರ್ಚೆ ಮಾಡದೆ ಕೊಂಡ ಮೀನು

"ಹತ್ತ್ ರೂಪಾಯಿಗೆ ಆರ್ ಅಂದ್ಯಲ್ಲ ಬಾಗಿ? ಆರೇ ಸಾಕ್. ಹಾಕ್," ಎಂದು ವಿನಯಾ ಟೀಚರು ಪಾತ್ರೆ ಚಾಚಿದರು.

ಬಾಗಿಯ ಕೈ ಬುಟ್ಟಿಯೊಳಗೇ ನಿಂತುಬಿಟ್ಟಿತು. ಆರು ಬಂಗಡೆ ಎಂದು ಅವಳು ಹೇಳಿದ್ದು ಆರು ಕೊಡುವುದಕ್ಕಲ್ಲ. ಅವಳು ಆರು ಎನ್ನಬೇಕು, ಟೀಚರು ಹತ್ತು ಎನ್ನಬೇಕು, ಮೀನು ಸಣ್ಣದೆಂದು ಮೂಗು ಮುರಿಯಬೇಕು. "ಸಣ್ಣದಾರೆ ನಿಮ್ ಶಾಲಿಗ್ ಸೇರ್ಸ್ಕಣಿ ಟೀಚರೇ, ನಾಕ್ ವರ್ಷದಲ್ ದೊಡ್ಡದಾತ್ತ್," ಎಂದು ಬಾಗಿ ಹೇಳಬೇಕು. ಟೀಚರು ನಗು ತಡೆಯಲಾರದೆ ಒಳಗೆ ಹೋದಂತೆ ಮಾಡಿ ಮತ್ತೆ ಬರಬೇಕು. ಆಮೇಲೆ ಎಂಟಕ್ಕೆ ಒಪ್ಪಿಗೆಯಾಗಿ, ಮೇಲೊಂದು ಮರಿಮೀನು ಕೊಸರೆಂದು ಬೀಳಬೇಕು. ಎಂಟೇ ಎಂದು ಇಬ್ಬರಿಗೂ ಮೊದಲೇ ಗೊತ್ತು. ಗೊತ್ತಿದ್ದರೇನಂತೆ, ಊಟ ಮುಗಿಯುವುದೂ ಗೊತ್ತು, ಹಾಗಂತ ಯಾರೂ ಎಲೆ ಹಾಕಿದ ಕೂಡಲೇ ಕೈ ತೊಳೆಯುವುದಿಲ್ಲ.

ಟೀಚರು ಆರು ಬಂಗಡೆ ಹಾಕಿಸಿಕೊಂಡು, ಬಾಗಿಯ ಮುಖವನ್ನು ನೋಡಲಾರದೆ, ಅವಳ ಹಿಂದೆ ನಿಂತಿದ್ದ ಸೊಸೆ ಸರೋಜಳ ಮುಖವನ್ನೂ ನೋಡಲಾರದೆ, ಬೇಗ ಬೇಗ ಒಳಗೆ ಹೋದರು.

ಇದು ೧೯೯೯ನೇ ಇಸವಿಯ ಮಾತು. ಆ ಮಳೆಗಾಲದಲ್ಲಿ ತಮ್ಮೂರು ಕೋಡಿಯ ಅಳಿವೆ ಬಾಯಲ್ಲಿ ದೋಣಿ ಮಗುಚಿ ಬಾಗಿಯ ಮಗ ಸೂರ ಹೋಗಿಬಿಟ್ಟಿದ್ದ. ಮದುವೆಯಾಗಿ ಎರಡು ವರ್ಷವಾಗಿತ್ತಷ್ಟೆ. ಉತ್ತರಕ್ರಿಯೆಯ ಬೊಜ್ಜ ಕಳೆಯಿತು, ನೆಂಟರು ಹೊರಟುಹೋದರು, ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ ಉಳಿದರು. ಎರಡು ತಿಂಗಳ ಮೇಲೆ ಬಾಗಿ ಬುಟ್ಟಿ ಎತ್ತಿಕೊಂಡಳು. ಸರೋಜಳಿಗೂ ಒಂದು ಸಣ್ಣ ಬುಟ್ಟಿ ಹೊರಿಸಿದಳು. ಇಪ್ಪತ್ತೈದು ವರ್ಷದಿಂದ ನಡೆದ ಅದೇ ದಾರಿ: ಕುಂದಾಪುರದಿಂದ ಬಸ್ಸು, ಬಸ್ರೂರಿನಲ್ಲಿ ಇಳಿದು ಮನೆಮನೆ.

ಬಸ್ರೂರಿನ ಮಂದಿ ಕೆಟ್ಟವರಾಗಿದ್ದರೆ ಚೆನ್ನಾಗಿತ್ತು. ಅವರು ಒಳ್ಳೆಯವರಾದದ್ದೇ ಫಜೀತಿ. ಮಗ ಸತ್ತ ಹೆಂಗಸಿನ ಹತ್ತಿರ ಒಂದು ಬಂಗಡೆಗೆ ಚೌಕಾಸಿ, ಚರ್ಚೆ ಮಾಡುವುದುಂಟೇ ಎಂದು ಊರಿಗೆ ಊರೇ ಮನಸ್ಸಿನಲ್ಲಿ ಮಾತಾಡಿಕೊಂಡ ಹಾಗಿತ್ತು. ಅಂಗಡಿಯ ದುಗ್ಗಪ್ಪ ಮೊದಲೆಲ್ಲ ಬಾಗಿಯನ್ನು ಕಂಡ ಕೂಡಲೇ ಮೂಗು ಮುಚ್ಚಿಕೊಂಡು ಛೇಡಿಸುತ್ತಿದ್ದವನು, ಈಗ ಬೆಂಚು ಒರೆಸಿ ಕೂರಿಸಿ ಚಾ ಕೊಟ್ಟ. ಇನ್ನೊಂದು ಮನೆಯವರು ಮೀನು ಕೊಂಡು, ಮೇಲೆ ಒಂದು ಹಳೆಯ ಸೀರೆಯನ್ನೂ ಮಡಚಿ ಕೊಟ್ಟರು. ಎಲ್ಲರದೂ ಒಂದೇ ಮೆಲುದನಿ, ಒಂದೇ ಬಗ್ಗಿದ ತಲೆ. ಹನ್ನೊಂದು ಗಂಟೆಗೆಲ್ಲ ಬುಟ್ಟಿ ಖಾಲಿ.

ಮೂರನೆಯ ದಿನ ಬಸ್ಸಿಗೆ ಕಾಯುತ್ತಾ ಬಾಗಿ ಹೇಳಿದಳು, "ನಾಳಿಂದ ನಾ ಬತ್ತಿಲ್ಲೆ."

"ಎಂತಕ್ಕೆ ಅತ್ತಿ? ಮೀನ್ ಪೂರ ಹೋಯ್ತಲ್ಲ."

"ಇದ್ ವ್ಯಾಪಾರ ಅಲ್ಲ ಹೆಣೆ, ಭಿಕ್ಷಿ. ನನ್ನ ಕಂಡ್ರೆ ಸಾಕ್, ಹೆಣ ಕಂಡಂಗ್ ಮುಖ ಮಾಡ್ತ್ರ್. ಮನಿಯಲ್ಲೂ ಅವ ಇಲ್ಲೆ, ಇಲ್ಲಿ ಬಂದ್ರೂ ಅವ ಇಲ್ಲೆ ಅಂತ್ಲೇ ಹೇಳ್ತ್ರ್. ಎಲ್ಲಿಗ್ ಹೋಯ್ಕ್ ನಾನ್?"

ಸರೋಜ ಖಾಲಿ ಬುಟ್ಟಿಯನ್ನು ಕಂಕುಳಿಗೆ ಏರಿಸಿಕೊಂಡಳು. ಮಾತು ಅವಳಿಗೆ ಮೊದಲಿಂದಲೂ ಕಡಿಮೆ. ಆದರೆ ಒಂದು ಮಾತ್ರ ಅವಳಿಗೆ ಗೊತ್ತಿತ್ತು. ಬುಟ್ಟಿ ಕೆಳಗಿಟ್ಟರೆ ಅತ್ತೆ ಮತ್ತೆ ಏಳುವವಳಲ್ಲ. ಈಗಲೇ ರಾತ್ರಿ ಎರಡು ತುತ್ತು ತಿಂದು ಗೋಡೆಗೆ ಮುಖ ಮಾಡಿ ಮಲಗುತ್ತಾಳೆ. ಹಗಲೂ ಹಾಗೇ ಮಲಗಿಬಿಟ್ಟರೆ ಎರಡು ಮಳೆಗಾಲ ಕಾಣುವುದಿಲ್ಲ. ಆಮೇಲೆ ಆ ಮನೆಯಲ್ಲಿ ತಾನೊಬ್ಬಳೇ.

"ಹರಿಣಾಕ್ಷಮ್ಮ ಬಂಬಾಯಿಂದ ನಾಳಿ ಬತ್ರ್ ಅಂಬ್ರ್," ಎಂದಳು ಬಾಗಿ, ಬಸ್ಸಿನಲ್ಲಿ ಕುಳಿತ ಮೇಲೆ. "ಅವ್ರ ಮನಿಗೊಂದ್ ಹೋಗಿ ಬಿಡ್ತೆ. ಅವ್ರ್ ಮಾತ್ರ ಚರ್ಚಿ ಬಿಡೂರಲ್ಲ."

ಹರಿಣಾಕ್ಷಮ್ಮನೆಂದರೆ ಅಕ್ಕಿ ಮಿಲ್ಲಿನ ಮನೆಯ ಯಜಮಾನಿ. ಚರ್ಚೆಗೆ ಬಸ್ರೂರಿನಲ್ಲೇ ಅವರ ಸಮ ಇರಲಿಲ್ಲ. ಒಮ್ಮೆ ಒಂದೇ ಒಂದು ಕೊಸರಿನ ಮೀನಿಗಾಗಿ ಇಬ್ಬರೂ ಹಟ ಹಿಡಿದು, ಮಧ್ಯಾಹ್ನದ ಬಸ್ಸು ಹೋಗಿ, ಬಾಗಿ ಅವರ ಮನೆಯಲ್ಲೇ ಉಂಡು, ಕೈ ತೊಳೆದು ಬಂದು, ನಿಲ್ಲಿಸಿದಲ್ಲಿಂದ ಮತ್ತೆ ಜಗಳ ಶುರು ಮಾಡಿದ್ದಳು. ಇವತ್ತಿನ ದಿನ ಆ ಊರಿಗೆ ಮೀನು ಸ್ಕೂಟರಿನಲ್ಲಿ ಬರುತ್ತದೆ, ಐಸ್ ಪೆಟ್ಟಿಗೆ, ತಕ್ಕಡಿ, ಒಂದು ಹಾರ್ನ್. ತೂಗಿದ್ದಕ್ಕೆ ಇಷ್ಟು ಎಂದರೆ ಇಷ್ಟೇ. ಮೀನಿನವನಿಗೂ ಪುರುಸೊತ್ತಿಲ್ಲ, ಕೊಳ್ಳುವವರಿಗೂ ಇಲ್ಲ. ಒಳ್ಳೆಯ ಜಗಳವೊಂದನ್ನು ಬಾಯಿ ತುಂಬಾ ಆಡಿ ಎಷ್ಟು ವರ್ಷವಾಯಿತೋ, ಪಾಪ!

ಬಾಗಿಯ ಗಂಡ ಕಾಮಾಲೆಯಲ್ಲಿ ತೀರಿಕೊಂಡಾಗ ಸೂರನಿಗೆ ಆರು ವರ್ಷ. ಆಗಲೂ ಒಂದು ತಿಂಗಳ ಮೇಲೆ ಅವಳು ಬುಟ್ಟಿ ಹೊತ್ತು ಬಂದಿದ್ದಳು. ಹರಿಣಾಕ್ಷಮ್ಮ ಬಾಗಿಲಲ್ಲಿ ನಿಂತು, ಬೆಲೆ ಕೇಳಿ, ಸೊಂಟಕ್ಕೆ ಕೈ ಕೊಟ್ಟು, "ಅಲ್ದಾ ಬಾಗಿ, ನಿನ್ನ ಗಂಡ ಸತ್ತ್ರೆ ಬಂಗ್ಡಿಗ್ ಎಂತಕ್ಕೆ ಬೆಲಿ ಏರ್ಕ್? ಅದೇನ್ ಅವನ ತಂಗ್ಯಾ?" ಎಂದುಬಿಟ್ಟಿದ್ದರು. ಕೇಳಿದವರು ಅಯ್ಯಯ್ಯೋ ಎಂದು ಕಿವಿ ಮುಚ್ಚಿಕೊಂಡರು. ಬಾಗಿ ಮಾತ್ರ ಕೋಡಿ ಮುಟ್ಟುವವರೆಗೆ ನಗುತ್ತಾ ಹೋದಳು. ಆ ದಿನ ಮನೆಗೆ ಹೋಗಿ ಒಲೆ ಹಚ್ಚಿ, ಮಗನಿಗೆ ಹೊಟ್ಟೆ ತುಂಬಾ ಉಣಿಸಿ, ತಾನೂ ಉಂಡೆ ಎಂದು ಆಮೇಲೆ ಎಷ್ಟೋ ಸಲ ಹೇಳಿದ್ದಳು.

ಮರುದಿನ ಬಾಗಿ ಬೇರೆ ಯಾವ ಮನೆಗೂ ಹೋಗದೆ ನೇರ ಅಕ್ಕಿ ಮಿಲ್ಲಿನ ಮನೆಗೇ ನಡೆದಳು. ಅಂಗಳದಲ್ಲಿ ಬುಟ್ಟಿ ಇಳಿಸಿ, ಮುಚ್ಚಿದ ಎಲೆ ಸರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಗಂಟಲೆತ್ತಿ ಕೂಗಿದಳು.

"ಹ್ವಾಯ್ ಅಮ್ಮಾ! ಬಂಗ್ಡಿ ಬಂತ್. ಹತ್ತಕ್ಕೆ ಆರ್. ಒಂದೂ ಹೆಚ್ಚ್ ಕೊಡೂದಿಲ್ಲೆ, ಈಗ್ಳೇ ಹೇಳ್ತೆ!"

ಹರಿಣಾಕ್ಷಮ್ಮ ಹೊರಗೆ ಬಂದರು. ಬಾಗಿಯನ್ನು ನೋಡಿದರು. ಬಾಯಿ ತೆರೆದರು. ಬಾಗಿ ಕುತ್ತಿಗೆ ಮುಂದೆ ಚಾಚಿ ಕಾದಳು. ಆದರೆ ಹರಿಣಾಕ್ಷಮ್ಮನ ತುಟಿ ಅದುರಿತು, ಕಣ್ಣು ತುಂಬಿತು.

"ನೀ ಹೇಳ್ದಷ್ಟೇ ಕೊಡ್ ಬಾಗಿ," ಎಂದರು ಸೆರಗಿನಲ್ಲಿ ಮೂಗು ಒರೆಸುತ್ತಾ. "ನಿನ್ನತ್ರ ಎಂತ ಚರ್ಚಿ ಮಾಡೂದ್ ನಾನ್."

ಬಾಗಿ ಬುಟ್ಟಿಯ ಮೇಲೆ ಬಗ್ಗಿದಳು. ಒಂದು, ಎರಡು ಎಂದು ಆರು ಬಂಗಡೆಗಳನ್ನು ಪಾತ್ರೆಗೆ ಹಾಕಿದಳು. ಎಲೆಯನ್ನು ಮತ್ತೆ ಬುಟ್ಟಿಗೆ ಮುಚ್ಚಿದಳು. ಸರೋಜ ಅವಳ ಮುಖ ನೋಡಿದಳು. ಮುಗಿಯಿತು, ಇನ್ನು ಇವಳು ಬರುವುದಿಲ್ಲ.

"ಅಮ್ಮಾ," ಎಂದಳು ಸರೋಜ. ಕೊಳ್ಳುವವರ ಎದುರು ಅವಳ ಬಾಯಿಂದ ಮಾತು ಹೊರಟದ್ದೇ ಅದು ಮೊದಲು. "ಆರಕ್ಕೆ ತಕಣ್ಬೇಡಿ. ಅದ್ ಹಳಿ ಮೀನ್."

ಬಾಗಿ ಗಕ್ಕನೆ ತಿರುಗಿದಳು. "ಎಂತ ಹೇಳ್ದೆ?"

"ಹಳಿ ಮೀನ್ ಅಂದೆ." ಸರೋಜ ಬಗ್ಗಿ ಪಾತ್ರೆಯಿಂದ ಒಂದು ಬಂಗಡೆ ಎತ್ತಿ ಹರಿಣಾಕ್ಷಮ್ಮನ ಮೂಗಿನ ಹತ್ತಿರ ಹಿಡಿದಳು. "ಕಾಣಿ ಅಮ್ಮ, ಕಣ್ಣ್ ಹ್ಯಾಂಗ್ ಕೆಂಪಿತ್ತ್. ನಮ್ಮ ಅತ್ತಿ ನಿಮ್ಗ್ ಮೋಸ ಮಾಡ್ತಿದ್ರ್."

"ಅಯ್ಯೋ ನಿನ್ನ ಮನಿ ಹಾಳಾಗ!" ಬಾಗಿಯ ಗಂಟಲು ಇಡೀ ಅಂಗಳಕ್ಕೆ ಕೇಳಿತು. "ನನ್ನ ಮೀನಿಗ್ ನನ್ನ ಸೊಸಿಯೇ ಹಳತ್ ಅಂಬ್ದಾ! ಬೆಳಿಗ್ಗಿ ಬಲಿಯಿಂದ ಬಿಡಿಸಿದ್ದ್ ಇದ್! ಕಣ್ಣ್ ಕೆಂಪಾರೆ ಹಳತಾ? ನಿನ್ನ ಕಣ್ಣ್ ಕನ್ನಡಿಯಲ್ ಕಂಡಿದ್ಯಾ? ಬಂಗ್ಡಿಗಿಂತ ಕೆಂಪಿತ್ತ್! ಹಾಂಗಾರೆ ನೀನೂ ಹಳತಾ?"

"ಹೌದ್, ನಾನೂ ಹಳತೇ," ಎಂದಳು ಸರೋಜ. "ಎರಡ್ ತಿಂಗ್ಳಾಯ್ತ್, ನೀವೇ ಐಸ್ ಹಾಕಿ ಇಟ್ಕಂಡಿದ್ರಿ. ಯಾರೂ ಆರಕ್ಕೂ ತಕಂಬುದಿಲ್ಲೆ, ಹತ್ತಕ್ಕೂ ತಕಂಬುದಿಲ್ಲೆ."

ಹರಿಣಾಕ್ಷಮ್ಮನ ಮೂಗಿನಿಂದ ಕುಸಕ್ ಎಂದು ಒಂದು ಶಬ್ದ ಹೊರಟಿತು. ಅವರು ಸೆರಗು ಬಾಯಿಗೆ ಒತ್ತಿಕೊಂಡರು. ಭುಜ ಕುಲುಕಿತು. ತಡೆಯಲಾಗದೆ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕುಳಿತು ನಕ್ಕರು. ಕಣ್ಣೀರು ಮಾತ್ರ ಮೊದಲಿನದೇ ಇನ್ನೂ ಇಳಿಯುತ್ತಿತ್ತು.

"ಹಾಂಗಾರೆ ಹತ್ತ್ ಕೊಡ್ ಬಾಗಿ," ಎಂದರು ಉಸಿರು ಸಿಕ್ಕಿದ ಮೇಲೆ. "ನಿನ್ನ ಸೊಸಿಯೇ ಸಾಕ್ಷಿ. ಹಳಿ ಮೀನಿಗ್ ಹತ್ತೂ ಕಮ್ಮಿಯೇ."

ಬಾಗಿ ಅವರನ್ನೇ ನೋಡಿದಳು. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಸಿಕ್ಕಿಸಿಕೊಂಡಳು.

"ಹತ್ತಾ! ಹಗಲ್ ದರೋಡಿ ಮಾಡುಕೆ ಬಂಬಾಯಲ್ ಕಲ್ತ್ ಬಂದ್ರ್ಯಾ?"

"ಬಂಬಾಯಲ್ ಇದ್ರ ಅರ್ಧ ಬೆಲಿ. ಅದೂ ದೊಡ್ಡ ದೊಡ್ಡದ್."

"ಹಾಂಗಾರೆ ಸಂಜಿ ಬಸ್ಸಿಗೇ ವಾಪಾಸ್ ಹೋಯ್ನಿ. ಅಲ್ಲೇ ಅರ್ಧ ಬೆಲಿಗ್ ತಿನ್ಕಂಡ್ ಇರಿ. ಬಸ್ರೂರಿನ ಮಂದಿಯೂ ಬದ್ಕ್ಕಂತ್ರ್!"

ಪಕ್ಕದ ಮನೆಯಿಂದ ವಿನಯಾ ಟೀಚರು ಓಡಿ ಬಂದವರು ಬೇಲಿಯ ಹತ್ತಿರವೇ ನಿಂತರು. ಏನಾಯಿತೆಂದು ತಿಳಿಯಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಂಗಳದ ಜಗಳ ಅರ್ಧ ಗಂಟೆ ನಡೆಯಿತು. ಎಂಟಕ್ಕೆ ಬಂದು ನಿಂತಿತು. ಕೊಸರೆಂದು ಹರಿಣಾಕ್ಷಮ್ಮ ತಾವೇ ಬುಟ್ಟಿಗೆ ಕೈ ಹಾಕಿ ಎತ್ತಿದ ಮೀನನ್ನು ಬಾಗಿ ಕಿತ್ತುಕೊಂಡಳು, ಅವರು ಮತ್ತೆ ಕಿತ್ತುಕೊಂಡರು. ಸರೋಜಳನ್ನು ಇಬ್ಬರೂ ಮರೆತೇಬಿಟ್ಟಿದ್ದರು. ಅವಳು ಬಾವಿಕಟ್ಟೆಗೆ ಒರಗಿ ನಿಂತು, ಆ ಮಾತು ಆಡಿದ್ದು ತಾನೇ ಹೌದೋ ಎಂದು ಬೆರಗಾಗಿದ್ದಳು.

ತಲೆಯ ಮೇಲೆ ಬುಟ್ಟಿ ಹೊತ್ತು ರಸ್ತೆಗೆ ಬಂದ ಮೇಲೆ ಬಾಗಿ ಮುಂದೆ ಮುಂದೆ ನಡೆದಳು. ಸರೋಜ ಬೈಗುಳಕ್ಕೆ ಕಾಯುತ್ತಾ ಹಿಂದೆ ನಡೆದಳು. ತಿರುವಿನ ಹತ್ತಿರ ಬಾಗಿ ನಿಂತಳು.

"ಐಸ್ ಹಾಕಿ ಇಟ್ಟದ್ದಾ?" ಎಂದಳು. "ಎಲ್ಲಿಂದ ಬಂತ್ ಹೆಣೆ ನಿಂಗ್ ಆ ಮಾತ್?"

"ಗೊತ್ತಿಲ್ಲೆ ಅತ್ತಿ. ಬಾಯಿಗ್ ಬಂತ್."

"ಸೂರ ಇದ್ದಿದ್ರೆ ಹೊಟ್ಟಿ ಹಿಡ್ಕಂಡ್ ನೆಗ್ಯಾಡ್ತಿದ್ದ."

ಬೊಜ್ಜ ಕಳೆದ ಮೇಲೆ ಬಾಗಿ ಮಗನ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಸರೋಜ ತಲೆಯಾಡಿಸಿದಳು. ಮೊದಲು ನಕ್ಕದ್ದು ಯಾರು, ಮೊದಲು ಅತ್ತದ್ದು ಯಾರು ಎಂದು ಹೇಳುವ ಹಾಗಿರಲಿಲ್ಲ. ರಸ್ತೆಯ ನಟ್ಟನಡುವೆ ಇಬ್ಬರೂ ಎದುರುಬದುರು ನಿಂತುಬಿಟ್ಟರು.

ಕುಂದಾಪುರದ ಬಸ್ಸು ತಿರುವಿನಲ್ಲಿ ಬಂದು, ಒಮ್ಮೆ ಹಾರ್ನ್ ಹೊಡೆದು ನಿಂತಿತು. ಬದಿಯ ತಗಡಿಗೆ ಬಡಿಯಲೆಂದು ಕಂಡಕ್ಟರು ಕೈ ಹೊರಗೆ ಹಾಕಿದವನು ಅವರನ್ನು ನೋಡಿ ಮೆಲ್ಲನೆ ಒಳಗೆ ತೆಗೆದುಕೊಂಡ. ಹೆಂಗಸರಿಬ್ಬರ ಮೈಯೂ ಅಲುಗಾಡುತ್ತಿತ್ತು. ತಲೆಯ ಮೇಲಿನ ಮೀನು ಚೆಲ್ಲಿಹೋಗದಂತೆ ಅತ್ತೆಯ ಬುಟ್ಟಿಯನ್ನು ಸೊಸೆ, ಸೊಸೆಯ ಬುಟ್ಟಿಯನ್ನು ಅತ್ತೆ, ಕೈಯೆತ್ತಿ ಹಿಡಿದುಕೊಂಡಿದ್ದರು.